ಜಗಳ ಮಾಡದ ಮಗುವಿಗೆ ‘ಎ’ ಕೊಡುವ ಮೊದಲು: ಉತ್ತರ ಕನ್ನಡದ ಶಿಕ್ಷಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳ ಮಾನ್ಯ ಉಪನಿರ್ದೇಶಕರಿಗೆ, ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಪ್ರಾಂಶುಪಾಲರಿಗೆ, ಎಲ್ಲ ತಾಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಕುಮಟಾ, ಅಂಕೋಲಾ ಕಡೆಯ ಹೈಸ್ಕೂಲುಗಳಲ್ಲಿ 29 ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ಶಿಕ್ಷಕಿ. ಪ್ರತಿಭಾ ಕಾರಂಜಿ ಹತ್ತಿರ ಬಂದಾಗ ಯಾರಾದರೂ ಕರೆದರೆ ಈಗಲೂ ಹೋಗಿ ಮಕ್ಕಳಿಗೆ ಹಾಡು, ಭಾಷಣ ಹೇಳಿಕೊಡುತ್ತೇನೆ. ಹಾಗೆ ಹೋದ ಒಂದು ಶಾಲೆಯಲ್ಲಿ ಕಳೆದ ಮಳೆಗಾಲ ಕಂಡದ್ದನ್ನು ನಿಮ್ಮ ಮುಂದೆ ಇಡಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ. ಶಾಲೆಯ ಹೆಸರು ಬರೆಯುವುದಿಲ್ಲ. ಅಲ್ಲಿನ ಶಿಕ್ಷಕರು ಒಳ್ಳೆಯವರು, ದುಡಿಯುವವರು. ಅವರು ಮಾಡಿದ ತಪ್ಪನ್ನು ಕೆಲಸದಲ್ಲಿದ್ದಾಗ ನಾನೂ ಎಷ್ಟೋ ಸಲ ಮಾಡಿದ್ದೇನೆ. ಅದಕ್ಕೇ ಈ ಪತ್ರ ಅವರಿಗಲ್ಲ, ನಿಮಗೆ.

ನಮ್ಮ ಕರಾವಳಿಯ ಜುಲೈ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಮೈದಾನದಲ್ಲಿ ಮೊಣಕಾಲು ಮಟ್ಟ ನೀರು. ಇಡೀ ಶಾಲೆಯಲ್ಲಿ ಒಣ ನೆಲ ಅಂತ ಇದ್ದದ್ದು ಒಂದೇ ಹಾಲ್. ಸಂಜೆ 4 ಗಂಟೆಗೆ ಕಬಡ್ಡಿ ಹುಡುಗರಿಗೂ ಅದೇ ಬೇಕು, ಜಾನಪದ ನೃತ್ಯದ ಹುಡುಗಿಯರಿಗೂ ಅದೇ ಬೇಕು. ಐದೂಕಾಲಿನ ಬಸ್ಸು ತಪ್ಪಿದರೆ ಇಬ್ಬರಿಗೂ ಮನೆ ಇಲ್ಲ. ‘ನಮಗೆ ಮುಂದಿನ ವಾರ ತಾಲೂಕು ಮಟ್ಟದ ಆಟ ಇದೆ’ ಅಂತ ಹುಡುಗರು. ‘ನಾವು ಮೊದಲು ಬಂದದ್ದು’ ಅಂತ ಹುಡುಗಿಯರು. ಎರಡು ದಿನ ಬಾಯಿಜಗಳ. ಮೂರನೇ ದಿನ ತಳ್ಳಾಟ ಆಯಿತು. ಒಬ್ಬಳ ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂತು.

ಶಿಕ್ಷಕರು ಓಡಿ ಬಂದರು. ಎರಡೂ ಗುಂಪನ್ನು ಜಗಲಿಯಲ್ಲಿ ನಿಲ್ಲಿಸಿದರು. ಒಗ್ಗಟ್ಟಿನ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಪರಸ್ಪರ ಕೈ ಕುಲುಕಿಸಿದರು. ಆಮೇಲೆ ಹಾಲಿಗೆ ಬೀಗ ಹಾಕಿದರು. ಎರಡು ದಿನ ಯಾರಿಗೂ ಹಾಲ್ ಇಲ್ಲ. ಜಗಳ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ಜಗಳವನ್ನು ನಿಜವಾಗಿ ಮುಗಿಸಿದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಅವಳ ತಾಯಿ ಮೀನು ಮಾರುವವರು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ, ಕಿವಿಯಾರೆ ಕೇಳಿದೆ. ಅವಳು ಕಬಡ್ಡಿ ನಾಯಕನ ಹತ್ತಿರ ಹೋಗಿ, ‘ನಿಮಗೆ ಹಾಲ್ ಎಂತಕ್ಕೆ ಬೇಕು?’ ಅಂತ ಕೇಳಿದಳು. ‘ಒಣ ನೆಲ ಬೇಕು. ಜಾರಿ ಬಿದ್ದರೆ ಕಾಲು ಮುರಿಯುತ್ತದೆ’ ಅಂದ ಅವನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನಮಗೆ ಹಾಲೇ ಬೇಕು ಅಂತಿಲ್ಲ. ಪ್ಲಗ್ ಬೇಕು. ಸ್ಪೀಕರಿನ ವೈರು ಗಿಡ್ಡ. ಕುಣಿಯಲು ಜಗಲಿ ಸಾಕು’ ಅಂದಳು.

ಆಫೀಸು ಕೋಣೆಯ ಕಿಟಕಿಯಿಂದ ವೈರು ಎಳೆದರೆ ಜಗಲಿಗೆ ಕರೆಂಟು ಸಿಗುತ್ತಿತ್ತು. ಅದಕ್ಕೆ ಅನುಮತಿ ಕೇಳಲು ಅವಳು ಮೂರು ಸಲ ಹೋದಳು. ಎರಡು ಸಲ ಬೈಸಿಕೊಂಡು ಬಂದಳು. ಮೂರನೇ ಸಲ ಎಕ್ಸ್‌ಟೆನ್ಷನ್ ವೈರು ಹಿಡಿದುಕೊಂಡೇ ಬಂದಳು. ಆ ದಿನದಿಂದ ಇಬ್ಬರ ಅಭ್ಯಾಸವೂ ಒಂದೇ ಹೊತ್ತಿಗೆ ನಡೆಯಿತು. ಹಾಡಿನ ಸದ್ದಿಗೆ ಕಬಡ್ಡಿಯ ಸೀಟಿ ಕೇಳಿಸುತ್ತದಾ ಅಂತಲೂ ಅವಳೇ ಹೋಗಿ ಕೇಳಿ ಬಂದಳು. ಸ್ಪೀಕರಿನ ಗುಂಡಿಯನ್ನು ಎಲ್ಲಿಗೆ ತಿರುಗಿಸಬೇಕು ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನಾನು 29 ವರ್ಷದಲ್ಲಿ ಎಷ್ಟೋ ಜಗಳ ಬಿಡಿಸಿದ್ದೇನೆ. ಇಷ್ಟು ಚೆನ್ನಾಗಿ ಒಂದನ್ನೂ ಬಿಡಿಸಿಲ್ಲ.

ಅದೇ ಕಬಡ್ಡಿ ತಂಡದಲ್ಲಿ ಇನ್ನೊಬ್ಬ ಹುಡುಗ ಇದ್ದ. ರೈಡಿಂಗಿನಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಜಗಳ ಶುರುವಾದ ಮೊದಲ ದಿನವೇ ಅವನು ಬ್ಯಾಗ್ ಎತ್ತಿಕೊಂಡು ಹೋದ. ಮರುದಿನವೂ ಹೋದ. ಆಮೇಲೆ ತಂಡವನ್ನೇ ಬಿಟ್ಟ. ಯಾಕೋ ಅಂತ ಕೇಳಿದೆ. ‘ನನಗೆ ಬೇಡ ಬಿಡಿ ಟೀಚರ್, ಜಗಳ ಆಗುವಲ್ಲಿ ನಾನಿರುವುದಿಲ್ಲ’ ಅಂದ. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ತಾಲೂಕು ಮಟ್ಟದ ಆಟದ ದಿನ ಅವನು ಶಾಲೆಗೇ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಆ ಶಾಲೆಯವರು ಮಕ್ಕಳ ಜೀವನ ಕೌಶಲ್ಯದ ಪಟ್ಟಿ ತುಂಬುತ್ತಿದ್ದರು. ಹಾಳೆಗೆ ಗೆರೆ ಹೊಡೆಯಲು ನನ್ನನ್ನೂ ಕರೆದರು. ಅದರಲ್ಲಿ ‘ಸಂಘರ್ಷ ನಿಭಾಯಿಸುವ ಕೌಶಲ್ಯ’ ಅಂತ ಒಂದು ಕಾಲಂ ಇತ್ತು. ಆ ಹುಡುಗಿಯ ಮುಂದೆ ‘ಸಿ’ ಇತ್ತು, ಪಕ್ಕದಲ್ಲಿ ‘ವಾದ ಮಾಡುತ್ತಾಳೆ’ ಅಂತ ಬರೆದಿತ್ತು. ತಂಡ ಬಿಟ್ಟ ಹುಡುಗನ ಮುಂದೆ ‘ಎ’ ಇತ್ತು, ಪಕ್ಕದಲ್ಲಿ ‘ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಾನೆ’ ಅಂತ ಇತ್ತು.

ಆ ಹಾಳೆಯನ್ನು ಹಿಡಿದುಕೊಂಡು ತುಂಬ ಹೊತ್ತು ಕೂತೆ.

ಪಟ್ಟಿ ತುಂಬಿದ ಶಿಕ್ಷಕರನ್ನು ಕೇಳಿದಾಗ ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ‘ಮೇಡಂ, ನಲವತ್ತಕ್ಕೂ ಜಾಸ್ತಿ ಮಕ್ಕಳು. ಒಂದು ಮಧ್ಯಾಹ್ನದಲ್ಲಿ ಮುಗಿಸಬೇಕು. ಯಾರ ಮೇಲೆ ಕಂಪ್ಲೇಂಟ್ ಬಂದಿಲ್ಲವೋ ಅವರಿಗೆ ಎ ಹಾಕಿದ್ದೇನೆ.’ ಅವರ ಮೇಲೆ ನನಗೆ ಕೋಪ ಬರಲಿಲ್ಲ. ಹೇಗೆ ಅಳೆಯಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಮಾನ್ಯರೇ, ಆ ಎರಡು ಅಕ್ಷರ ಇಬ್ಬರು ಮಕ್ಕಳಿಗೂ ಏನು ಹೇಳಿದವು ನೋಡಿ. ಬಾಯಿ ಮುಚ್ಚಿಕೊಂಡಿದ್ದರೆ ನಿನಗೆ ಒಳ್ಳೆಯದು ಅಂತ ಅವಳಿಗೆ ಹೇಳಿದವು. ಓಡಿಹೋದದ್ದು ಸರಿ ಅಂತ ಅವನಿಗೆ ಹೇಳಿದವು. ಕಲಿಸದೇ ಇದ್ದರೂ ಇಷ್ಟು ಕೆಡುಕು ಆಗುತ್ತಿರಲಿಲ್ಲ. ತಪ್ಪಾಗಿ ಅಳೆದು ನಾವು ತಪ್ಪನ್ನೇ ಕಲಿಸಿದ್ದೇವೆ.

ಕಲಿಸುವ ರೀತಿಯ ಬಗ್ಗೆಯೂ ಒಂದು ಮಾತು. ಕೆಲಸದಲ್ಲಿದ್ದಾಗ ಈ ವಿಷಯದ ಒಂದು ದಿನದ ತರಬೇತಿಗೆ ನಾನು ಹೋಗಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ಪರದೆಯ ಮೇಲೆ ಸ್ಲೈಡುಗಳು. ಸಂಘರ್ಷ ಎಂದರೇನು, ಅದರ ವಿಧಗಳು ಯಾವುವು, ನಿಭಾಯಿಸುವ ಐದು ರೀತಿಗಳು ಯಾವುವು. ಕೊನೆಗೆ ಸರಿಯಾದ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ. ಇಡೀ ದಿನದಲ್ಲಿ ಇಬ್ಬರು ಶಿಕ್ಷಕರನ್ನು ಎದುರುಬದುರು ಕೂರಿಸಿ ‘ಇದನ್ನು ಬಗೆಹರಿಸಿ ನೋಡೋಣ’ ಅಂತ ಯಾರೂ ಹೇಳಲಿಲ್ಲ. ನಾನು ಶಾಲೆಗೆ ವಾಪಸ್ ಬಂದು ಅದನ್ನೇ ಬೋರ್ಡಿನ ಮೇಲೆ ಬರೆಸಿದೆ. ಕಿರುಪರೀಕ್ಷೆಯಲ್ಲಿ ಐದು ರೀತಿಗಳನ್ನೂ ತಪ್ಪಿಲ್ಲದೆ ಬರೆದ ಹುಡುಗ ಅದೇ ದಿನ ನಲ್ಲಿಯ ಹತ್ತಿರ ಗೆಳೆಯನ ಕಾಲರ್ ಹಿಡಿದ. ಈಜು ಅಂದರೇನು ಅಂತ ಬರೆಸಿ ಮಗುವನ್ನು ಅಘನಾಶಿನಿ ಹೊಳೆಗೆ ಇಳಿಸಿದ ಹಾಗಾಯಿತು ಅಲ್ವಾ?

ಆ ಐದು ರೀತಿಗಳನ್ನು ವಿಂಗಡಿಸಿದವರು ಅಮೆರಿಕದ ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್, 1970ರ ದಶಕದಲ್ಲಿ. ಪಟ್ಟು ಹಿಡಿಯುವುದು, ಬಿಟ್ಟುಕೊಡುವುದು, ತಪ್ಪಿಸಿಕೊಳ್ಳುವುದು, ಅರ್ಧಕ್ಕರ್ಧ ಮಾಡಿಕೊಳ್ಳುವುದು, ಇಬ್ಬರೂ ಸೇರಿ ದಾರಿ ಹುಡುಕುವುದು. ಇವುಗಳಲ್ಲಿ ಒಂದೇ ಯಾವಾಗಲೂ ಸರಿ ಅಂತ ಅವರು ಹೇಳಲಿಲ್ಲ. ಸಂದರ್ಭ ನೋಡಿ ಬೇರೆ ಬೇರೆ ರೀತಿ ಬೇಕಾಗುತ್ತದೆ ಅಂದರು. ಅವರ ಪ್ರಶ್ನಾವಳಿ ಇರುವುದು ಮನುಷ್ಯ ತನ್ನ ಸ್ವಭಾವವನ್ನು ತಾನೇ ನೋಡಿಕೊಳ್ಳಲಿ ಅಂತ. ಅದರಿಂದ ಯಾರ ಸಾಮರ್ಥ್ಯವನ್ನೂ ಅಳೆಯಲು ಬರುವುದಿಲ್ಲ. ನಾವು ಅದನ್ನು ಎರಡು ಅಂಕದ ಪ್ರಶ್ನೆ ಮಾಡಿದೆವು. ಆ ಹುಡುಗ ಮಾಡಿದ್ದು ತಪ್ಪಿಸಿಕೊಳ್ಳುವುದು. ಅದಕ್ಕೆ ‘ಎ’ ಕೊಟ್ಟೆವು.

ಆ ಹುಡುಗಿ ಮಾಡಿದ್ದಕ್ಕೂ ಒಂದು ಹಳೆಯ ಜೋಡಿ ಇದೆ. ಮೇರಿ ಪಾರ್ಕರ್ ಫಾಲೆಟ್ ಎಂಬ ಚಿಂತಕಿ 1925ರಲ್ಲಿ ಒಂದು ಸಣ್ಣ ಘಟನೆ ಹೇಳಿದರು. ಹಾರ್ವರ್ಡಿನ ಗ್ರಂಥಾಲಯದ ಒಂದು ಕೋಣೆ. ಒಬ್ಬರಿಗೆ ಕಿಟಕಿ ತೆರೆದಿರಬೇಕು, ಫಾಲೆಟ್ ಅವರಿಗೆ ಮುಚ್ಚಿರಬೇಕು. ಅವರಿಬ್ಬರೂ ಯಾರೂ ಇಲ್ಲದ ಪಕ್ಕದ ಕೋಣೆಯ ಕಿಟಕಿ ತೆರೆದರು. ಒಬ್ಬರಿಗೆ ಗಾಳಿ ಸಿಕ್ಕಿತು, ಇನ್ನೊಬ್ಬರ ಮೈಗೆ ಥಂಡಿ ಹೊಡೆಯಲಿಲ್ಲ. ಯಾರೂ ಏನನ್ನೂ ಬಿಟ್ಟುಕೊಡಲಿಲ್ಲ. 1981ರಲ್ಲಿ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಇದೇ ಮಾತನ್ನು ಕಲಿಸಬಹುದಾದ ಪಾಠವಾಗಿ ಬಿಡಿಸಿಟ್ಟರು. ಜನ ಬಾಯಲ್ಲಿ ಕೇಳುವುದು ಒಂದು, ಒಳಗೆ ಬೇಕಾಗಿರುವುದು ಇನ್ನೊಂದು. ಒಳಗಿನದನ್ನು ಕೇಳಿ ತಿಳಿದುಕೊಂಡರೆ ದಾರಿ ಜಾಸ್ತಿ ಸಿಗುತ್ತವೆ. ನಮ್ಮ ಹುಡುಗಿ ಇವರ ಹೆಸರನ್ನೂ ಕೇಳಿಲ್ಲ. ಹಾಲ್ ಬೇಕೋ ಪ್ಲಗ್ ಬೇಕೋ ಅಂತ ತನ್ನನ್ನು ತಾನೇ ಕೇಳಿಕೊಂಡಳು.

ಇದನ್ನು ಎಲ್ಲ ಮಕ್ಕಳಿಗೂ ಕಲಿಸಬಹುದಾ? ಕಲಿಸಬಹುದು. ಆಮೇಲೆ ನಾನೇ ಅದೇ ಶಾಲೆಯಲ್ಲಿ ಮಾಡಿ ನೋಡಿದೆ. ಮಕ್ಕಳನ್ನು ಎರಡೆರಡಾಗಿ ಕೂರಿಸಿದೆ. ಪ್ರತಿಯೊಬ್ಬರಿಗೂ ಒಂದು ಚೀಟಿ. ಇನ್ನೊಬ್ಬರ ಚೀಟಿ ನೋಡುವ ಹಾಗಿಲ್ಲ. ಕಥೆ ಇಷ್ಟೇ: ಸಂತೆಯಲ್ಲಿ ಉಳಿದಿರುವುದು ಒಂದೇ ಬುಟ್ಟಿ ಮುರುಗಲು ಹಣ್ಣು, ಇಬ್ಬರಿಗೂ ಪೂರ್ತಿ ಬುಟ್ಟಿ ಬೇಕು. ಒಬ್ಬರ ಚೀಟಿಯಲ್ಲಿ ‘ನೀವು ಶರಬತ್ತು ಮಾಡುವವರು, ನಿಮಗೆ ಸಿಪ್ಪೆ ಬೇಕು’ ಅಂತ ಇತ್ತು. ಇನ್ನೊಬ್ಬರದರಲ್ಲಿ ‘ನೀವು ಮುರುಗಲ ಎಣ್ಣೆ ತೆಗೆಯುವವರು, ನಿಮಗೆ ಬೀಜ ಬೇಕು’ ಅಂತ ಇತ್ತು. ನಮ್ಮ ಕಡೆಯ ಯಾವ ಮನೆಯಲ್ಲಿ ಕೇಳಿದರೂ ಗೊತ್ತು, ಮುರುಗಲಿನಲ್ಲಿ ಎರಡೂ ಸಿಗುತ್ತವೆ. ಆದರೂ ಹೆಚ್ಚಿನ ಜೋಡಿಗಳು ಹಣ್ಣನ್ನು ಅರ್ಧಕ್ಕರ್ಧ ಹಂಚಿಕೊಂಡು ಖುಷಿಯಲ್ಲಿ ಕೈ ಎತ್ತಿದವು. ಕೆಲವರು ಬೆಲೆ ಏರಿಸಿ ಗೆದ್ದರು. ಒಂದೆರಡು ಜೋಡಿಗಳು ಮಾತ್ರ ‘ನಿನಗೆ ಎಂತಕ್ಕೆ?’ ಅಂತ ಕೇಳಿದವು. ಚೀಟಿ ತೆರೆದು ಓದಿದಾಗ ತರಗತಿಯಲ್ಲಿ ಎದ್ದ ಗದ್ದಲ ಇನ್ನೂ ನನ್ನ ಕಿವಿಯಲ್ಲಿದೆ. ‘ಛೇ, ಕೇಳಬಹುದಿತ್ತು!’ ಅಂತ ಒಬ್ಬ ಹಣೆ ಬಡಿದುಕೊಂಡ. ಮುಂದಿನ ವಾರ ಬೇರೆ ಕಥೆ ಕೊಟ್ಟಾಗ ಅವನೇ ಎಲ್ಲರಿಗಿಂತ ಮೊದಲು ‘ಎಂತಕ್ಕೆ?’ ಅಂದ. ಖರ್ಚು ಎರಡು ಹಾಳೆ ಕಾಗದ, ಮುಕ್ಕಾಲು ಗಂಟೆ.

ಮಾನ್ಯರೇ, ಈ ವಿದ್ಯೆ ನಮಗೆ ಹೊರಗಿನದಲ್ಲ. ರಂಪಣಿ ಬಲೆ ಎಳೆಯುತ್ತಿದ್ದ ಕಾಲವನ್ನು ಕಂಡ ಹಿರಿಯರು ನಮ್ಮ ಬೇಲೆಗಳಲ್ಲಿ, ಅಂದರೆ ಕಡಲ ದಡದ ಊರುಗಳಲ್ಲಿ, ಇನ್ನೂ ಇದ್ದಾರೆ. ಊರಿಗೆ ಊರೇ ದಡದಲ್ಲಿ ನಿಂತು ಎಳೆದ ಮೀನನ್ನು ಬಲೆಯವರಿಗೆ ಎಷ್ಟು, ದೋಣಿಯವರಿಗೆ ಎಷ್ಟು, ಎಳೆದವರಿಗೆ ಎಷ್ಟು ಅಂತ ಮರಳಿನ ಮೇಲೇ ಪಾಲು ಮಾಡುತ್ತಿದ್ದರು. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಊರಗೌಡನ ಪಕ್ಕದಲ್ಲಿ ಬುದವಂತ ಅಂತ ಒಬ್ಬ ಇರುತ್ತಾನೆ, ನ್ಯಾಯ ಹೇಳುವಾಗ ಸಲಹೆ ಕೊಡುವವನು. ಆ ಹೆಸರೇ ನೋಡಿ ಎಷ್ಟು ಚೆಂದ. ಮಳೆಗಾಲದಲ್ಲಿ ಘಟ್ಟದ ಮೇಲೂ ಕೆಳಗೂ ತಾಳಮದ್ದಳೆ ನಡೆಯುತ್ತದೆ. ಕೃಷ್ಣ ಸಂಧಾನಕ್ಕೆ ಹೋಗುವ ಪ್ರಸಂಗದಲ್ಲಿ ಐದು ಊರಾದರೂ ಕೊಡು ಅಂತ ಕೇಳುವ ಮಾತನ್ನು ಎಷ್ಟು ರೀತಿಯಲ್ಲಿ ಆಡುತ್ತಾರೆ! ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಎದುರಿನವನ ಮಾತನ್ನು ಪೂರ್ತಿ ಕೇಳಿ, ಅದರ ಎಳೆ ಹಿಡಿದೇ ಉತ್ತರ ಕೊಡುತ್ತಾನೆ. ಬರೆದಿಟ್ಟುಕೊಂಡು ಬಂದದ್ದನ್ನು ಒಪ್ಪಿಸುವವನನ್ನು ಸಭೆ ಕೂಡಲೇ ಗುರುತು ಹಿಡಿಯುತ್ತದೆ. ಕೇಳಿಸಿಕೊಳ್ಳುವುದನ್ನು ಅಳೆಯಲು ಬರುವುದಿಲ್ಲ ಅನ್ನುವವರು ಒಂದು ರಾತ್ರಿ ಆ ಸಭೆಯಲ್ಲಿ ಕೂರಬೇಕು.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಊರ ಪಂಚಾಯಿತಿಕೆಯಲ್ಲಿ ಹೆಂಗಸರ ಮಾತಿಗೆ, ಬಡವರ ಮಾತಿಗೆ ಎಷ್ಟು ಜಾಗ ಇತ್ತು ಅಂತ ನನಗೆ ಗೊತ್ತು. ಮಕ್ಕಳಿಗೆ ಅದನ್ನೂ ಹೇಳಬೇಕು.

ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಸಂಘರ್ಷ ಪರಿಹಾರ ಅಂದರೆ ಸುಮ್ನೆ ಇರುವುದು ಅಂತ ನಮ್ಮ ಶಾಲೆಗಳು ತಿಳಿದುಕೊಂಡಿವೆ. ಈ ಜಿಲ್ಲೆಯಲ್ಲಿ ನಿಂತು ಹಾಗೆ ಹೇಳಲು ಹೇಗೆ ಸಾಧ್ಯ? 1930ರಲ್ಲಿ ಅಂಕೋಲೆಯ ಜನ ಉಪ್ಪಿನ ಸತ್ಯಾಗ್ರಹ ಮಾಡಿದರು. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತರು. ಇದನ್ನು ನಾನೇ ತರಗತಿಯಲ್ಲಿ ಹೆಮ್ಮೆಯಿಂದ ಪಾಠ ಮಾಡಿದ್ದೇನೆ. ಅದೇ ತರಗತಿಯಲ್ಲಿ ‘ಯಾಕೆ ಸರ್?’ ಅಂತ ಕೇಳಿದ ಮಗುವಿಗೆ ‘ಎದುರು ಮಾತಾಡುತ್ತಾನೆ’ ಅಂತ ಗುರುತು ಬೀಳುತ್ತದೆ. ಅಪ್ಪಿಕೊ ಚಳವಳಿಯ ಪಾಠಕ್ಕೆ ಪೂರ್ತಿ ಅಂಕ, ಅದರ ಗುಣಕ್ಕೆ ‘ಸಿ’.

ನಮ್ಮ ಮಕ್ಕಳು ಬೆಳೆಯುತ್ತಿರುವುದೇ ತಕರಾರುಗಳ ನಡುವೆ. ದೊಡ್ಡ ಬಲೆ ಸುತ್ತಿ ಮೀನು ಹಿಡಿಯುವ ಪರ್ಸೀನ್ ಬೋಟಿನವರಿಗೂ ನಾಡದೋಣಿಯವರಿಗೂ ಇರುವ ತಕರಾರು ಮನೆಯ ಊಟದ ಹೊತ್ತಿಗೂ ಬರುತ್ತದೆ. ಲೈಟ್ ಹಾಕಿ ಮೀನು ಹಿಡಿಯುವುದನ್ನು 2017ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದರೂ ಆ ಜಗಳ ಮುಗಿದಿಲ್ಲ. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟವರ ಪರಿಹಾರದ ಮಾತು, ಬಂದರು ಬೇಕೋ ಬೇಡವೋ ಅನ್ನುವ ಮಾತು, ಘಟ್ಟದ ಮೇಲೆ ಅರಣ್ಯ ಅತಿಕ್ರಮಣದ ಮಾತು, ಎಲ್ಲವೂ ಮಕ್ಕಳ ಕಿವಿಗೆ ಬಿದ್ದಿವೆ. ನಾಳೆ ಅಹವಾಲು ಸಭೆಗಳಲ್ಲಿ ಕೂರುವವರು ಇವರೇ. ತಮಗೆ ಏನು ಬೇಕು ಅಂತ ಗಟ್ಟಿಯಾಗಿ ಹೇಳಲು, ಎದುರಿನವರಿಗೆ ಏನು ಬೇಕು ಅಂತ ಕೇಳಿ ತಿಳಿಯಲು, ಒಪ್ಪಂದ ಸರಿಯಿಲ್ಲದಿದ್ದರೆ ಎದ್ದು ಬಂದು ಮುಂದಿನ ದಾರಿ ನೋಡಲು ಅವರಿಗೆ ಬರಬೇಕು. ಎದ್ದು ಬರುವುದೂ ಒಂದು ಕೌಶಲ್ಯ. ಆ ಹುಡುಗ ಎದ್ದು ಹೋದದ್ದು ಹಾಗಲ್ಲ. ಅವನ ಕೈಯಲ್ಲಿ ಬೇರೆ ದಾರಿ ಇರಲಿಲ್ಲ.

ರಾಜಿ ಮಾಡಲೇಬಾರದ ಸಂಗತಿಗಳನ್ನೂ ಇಲ್ಲೇ ಸ್ಪಷ್ಟ ಮಾಡಿಬಿಡಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಅದು ಇಬ್ಬರ ನಡುವಿನ ಜಗಳ ಅಲ್ಲ, ಅಪರಾಧ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ದೂರು ಕೊಡಲೇಬೇಕು. ಜಾತಿ ಹಿಡಿದು ಅವಮಾನ ಮಾಡಿದರೆ, ಹತ್ತು ಮಂದಿ ಸೇರಿ ಒಬ್ಬನನ್ನು ದಿನಾ ಕಾಡಿದರೆ ಅಲ್ಲಿ ಕೈ ಕುಲುಕಿಸಿ ಕಳಿಸುವುದು ನೊಂದ ಮಗುವಿಗೆ ಎರಡನೇ ಏಟು. ಈ ಗಡಿಯನ್ನು ಶಿಕ್ಷಕರಿಗೆ ಮೊದಲ ದಿನವೇ ಹೇಳಿಕೊಡಬೇಕು. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಇದ್ದರೆ ಸಾಲದು, ಯಾವಾಗ ಅದಕ್ಕೆ ಫೋನ್ ಮಾಡಬೇಕು ಅಂತ ಮಗುವಿಗೂ ಗೊತ್ತಿರಬೇಕು.

ಇನ್ನು ಅಳೆಯುವ ವಿಷಯ. ಇದು ಸುಲಭ ಅಂತ ನಾನು ಹೇಳುವುದಿಲ್ಲ. ದೊಡ್ಡ ದೊಡ್ಡವರೂ ಇಲ್ಲಿ ಒದ್ದಾಡಿದ್ದಾರೆ. ಹಲವು ದೇಶಗಳ ಮಕ್ಕಳಿಗೆ ಒಟ್ಟಿಗೆ ನಡೆಸುವ ಪೀಸಾ ಎಂಬ ಪರೀಕ್ಷೆಯಲ್ಲಿ 2015ರಲ್ಲಿ ಹದಿನೈದು ವರ್ಷದ ಮಕ್ಕಳು ಜೊತೆಯಾಗಿ ಸಮಸ್ಯೆ ಬಿಡಿಸುವ ಶಕ್ತಿಯನ್ನು ಅಳೆದರು. ಎಲ್ಲ ದೇಶದಲ್ಲೂ ಅಳತೆ ಒಂದೇ ಇರಬೇಕಲ್ಲ, ಅದಕ್ಕೆ ಮಕ್ಕಳನ್ನು ಕಂಪ್ಯೂಟರಿನ ಕಾಲ್ಪನಿಕ ಗೆಳೆಯರ ಜೊತೆ ಮಾತಾಡಿಸಿದರು. ನಿಜವಾದ ಗೆಳೆಯ ಸಿಟ್ಟಾಗುತ್ತಾನೆ, ಮಾತು ತಿರುಗಿಸುತ್ತಾನೆ, ಅತ್ತುಬಿಡುತ್ತಾನೆ. ಅದು ಆ ಪರದೆಯಲ್ಲಿ ಎಲ್ಲಿ ಬರುತ್ತದೆ? ಆದರೂ ಅದರಲ್ಲಿ ಒಂದು ಸಂಗತಿ ಕಂಡಿತು. ಪರೀಕ್ಷೆ ಬರೆದ ಎಲ್ಲ ದೇಶಗಳಲ್ಲೂ ಹುಡುಗಿಯರೇ ಮುಂದೆ ಇದ್ದರು. ನಮ್ಮಲ್ಲಿ ಅದೇ ಹುಡುಗಿಗೆ ‘ಬಾಯಿ ಜಾಸ್ತಿ’ ಅನ್ನುತ್ತೇವೆ.

ನಮ್ಮ ಶಾಲೆಯಲ್ಲಿ ನಿಜವಾದ ಮಕ್ಕಳೇ ಎದುರಿಗಿದ್ದಾರೆ. ಕಣ್ಣಿಟ್ಟು ನೋಡಿದರೆ ಕಾಣುತ್ತದೆ. ಮಗು ‘ಎಂತಕ್ಕೆ ಬೇಕು’ ಅಂತ ಕೇಳಿತಾ? ಎದುರಿನವರು ಹೇಳಿದ್ದನ್ನು, ಅವರೇ ‘ಹೌದು, ನಾನು ಹೇಳಿದ್ದು ಅದೇ’ ಅನ್ನುವ ಹಾಗೆ ತಿರುಗಿ ಹೇಳಿತಾ? ತನ್ನ ಅಗತ್ಯವನ್ನು ಬೈಯದೆ, ಹೆದರದೆ ಹೇಳಿತಾ? ಒಂದಕ್ಕಿಂತ ಜಾಸ್ತಿ ದಾರಿ ಮುಂದಿಟ್ಟಿತಾ? ಒಂದು ವಾರ ಬಿಟ್ಟು ನೋಡಿದರೆ ಆ ಒಪ್ಪಂದ ಇನ್ನೂ ನಿಂತಿದೆಯಾ? ಈ ಕೊನೆಯದನ್ನು ನಾವು ಯಾರೂ ನೋಡುವುದಿಲ್ಲ. ಸೀಮೆಸುಣ್ಣದ ಆ ಗೆರೆ ಪ್ರತಿಭಾ ಕಾರಂಜಿ ಮುಗಿಯುವವರೆಗೂ ಇತ್ತು, ನಾನು ದಿನಾ ನೋಡುತ್ತಿದ್ದೆ.

ಗೆದ್ದವರು ಯಾರು ಅಂತ ಮಾತ್ರ ನೋಡಬೇಡಿ. ಕೆಲವು ಸಲ ಒಳ್ಳೆಯ ಪ್ರಯತ್ನವೂ ಮುರಿದು ಬೀಳುತ್ತದೆ. ಎದುರಿನವರು ಹಟಮಾರಿಯಾದರೆ ಮಗು ಏನು ಮಾಡಬೇಕು? ಒಂದೇ ಸಲ ನೋಡಿಯೂ ಬರೆಯಬೇಡಿ. ಬೇರೆ ಬೇರೆ ಜೊತೆಗಾರರ ಜೊತೆ, ವರ್ಷದಲ್ಲಿ ಮೂರ್ನಾಲ್ಕು ಸಲ ನೋಡಬೇಕು. ನನ್ನ ಅನುಭವದಲ್ಲಿ ಇನ್ನೊಂದು ಉಪಾಯ ಬಹಳ ಕೆಲಸ ಮಾಡಿತು. ಇಬ್ಬರು ಶಿಕ್ಷಕರು ಒಂದೇ ಜೋಡಿಯನ್ನು ನೋಡಿ, ಒಬ್ಬರಿಗೊಬ್ಬರು ತೋರಿಸದೆ ಬರೆಯುವುದು. ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಡುವುದು. ನಾನು ‘ಧೈರ್ಯವಾಗಿ ಹೇಳಿದಳು’ ಅಂತ ಬರೆದದ್ದನ್ನು ನನ್ನ ಜೊತೆಗಿದ್ದವರು ‘ಸೊಕ್ಕು’ ಅಂತ ಬರೆದಿದ್ದರು. ನಾವಿಬ್ಬರೂ ಕೂತು, ಅವಳು ಆಡಿದ ಮಾತು ನಿಜಕ್ಕೂ ಏನು ಅಂತ ನೆನಪು ಮಾಡಿಕೊಂಡೆವು. ಅವಳು ಹೇಳಿದ್ದು ಇಷ್ಟೇ: ‘ನನ್ನ ಮಾತು ಮುಗಿದಿಲ್ಲ, ಆಮೇಲೆ ನೀನು ಹೇಳು.’ ಅವರು ತಮ್ಮ ಹಾಳೆಯನ್ನು ತಾವೇ ತಿದ್ದಿದರು. ಮಗುವಿನ ಗುಣ ಬರೆಯಬೇಡಿ, ಆಡಿದ ಮಾತು ಬರೆಯಿರಿ ಅಂತ ನಾನು ಶಿಕ್ಷಕರಿಗೆ ಹೇಳುವುದು ಇದಕ್ಕೇ.

ಭಾಷೆಯ ಮಾತೂ ಇದೆ. ನಮ್ಮ ತರಗತಿಗಳಲ್ಲಿ ಕೊಂಕಣಿಯ ಮಕ್ಕಳಿದ್ದಾರೆ, ನವಾಯತಿಯವರು, ಹಾಲಕ್ಕಿ ಕನ್ನಡದವರು, ಹವ್ಯಕ ಕನ್ನಡದವರು ಇದ್ದಾರೆ. ಸಿಟ್ಟು ಬಂದಾಗ ಯಾರೂ ಪುಸ್ತಕದ ಕನ್ನಡ ಆಡುವುದಿಲ್ಲ. ಪುಸ್ತಕದ ಕನ್ನಡದಲ್ಲೇ ಸಂಧಾನ ಮಾಡು ಅಂದರೆ ನಾವು ಅಳೆಯುವುದು ಭಾಷೆಯನ್ನು. ಮನೆಮಾತಿನಲ್ಲೇ ಮಾಡಲಿ. ಗೊತ್ತಾಗದಿದ್ದರೆ ಇನ್ನೊಂದು ಮಗು ತಿಳಿಸಿ ಹೇಳುತ್ತದೆ.

ಈಗ ನನ್ನ ವಿನಂತಿಗಳು.

ಸಂಘರ್ಷ ನಿರ್ವಹಣೆಗೆ ಒಂದೇ ಅಕ್ಷರದ ಶ್ರೇಣಿ ಕೊಡುವುದನ್ನು ದಯವಿಟ್ಟು ನಿಲ್ಲಿಸಲು ಹೇಳಿ. ಅದರ ಬದಲು ಶಿಕ್ಷಕರು ಕಂಡದ್ದನ್ನು ಎರಡು ಸಾಲಿನಲ್ಲಿ ಬರೆಯಲಿ. ‘ಹಾಲ್‌ಗಾಗಿ ನಡೆದ ಜಗಳದಲ್ಲಿ ಎದುರಿನ ತಂಡಕ್ಕೆ ಏನು ಬೇಕು ಅಂತ ಕೇಳಿದಳು, ಅನುಮತಿಗೆ ಮೂರು ಸಲ ಹೋದಳು’ ಅಂತ ಬರೆದರೆ ಅವಳ ತಾಯಿಗೂ ಅರ್ಥವಾಗುತ್ತದೆ. ‘ಜಗಳದಿಂದ ದೂರ ಹೋಗುತ್ತಾನೆ, ಮಾತಾಡಲು ಧೈರ್ಯ ಕೊಡಬೇಕು’ ಅಂತ ಬರೆದಿದ್ದರೆ ಆ ಹುಡುಗನಿಗೆ ಸಹಾಯ ಸಿಗುತ್ತಿತ್ತು.

ಹೊಸ ವಿಷಯ, ಹೊಸ ಪುಸ್ತಕ ಬೇಡ. ಶಿಕ್ಷಕರ ತಲೆಯ ಮೇಲಿನ ಹೊರೆ ನನಗೆ ಗೊತ್ತು. ಸಮಾಜ ವಿಜ್ಞಾನದ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಹೇಗೂ ಚಟುವಟಿಕೆ ಇದೆ. ಚಾರ್ಟಿಗೆ ಚಿತ್ರ ಅಂಟಿಸುವ ಬದಲು ಅದರಲ್ಲಿ ಒಂದು ಇಂತಹ ಚೀಟಿಯ ಆಟ ಇರಲಿ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಇದಕ್ಕೆ ಹೇಳಿ ಮಾಡಿಸಿದ ದಿನ. ಚೀಟಿಯ ಕಥೆಗಳನ್ನು ನಮ್ಮ ಊರಿನಿಂದಲೇ ಬರೆಯಬಹುದು. ಐಸ್ ಕಡಿಮೆ ಬಿದ್ದ ಎರಡು ದೋಣಿ, ಒಂದೇ ಕಾಲುವೆಯ ನೀರು ಹಂಚಿಕೊಳ್ಳುವ ಎರಡು ಅಡಿಕೆ ತೋಟ, ಕೊನೆಯ ಬಸ್ಸಿನ ಸೀಟು. ಕಾರವಾರದಿಂದ ಭಟ್ಕಳದವರೆಗಿನ ಶಿಕ್ಷಕರೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಿಕ್ಷಕರೂ ಒಟ್ಟಿಗೆ ಕೂತರೆ ಒಂದು ರಜೆಯಲ್ಲಿ ಐವತ್ತು ಕಥೆ ಬರೆಯಬಹುದು. ಡಯಟ್ ಇದಕ್ಕೆ ಕರೆದರೆ ನಾನು ನನ್ನ ಖರ್ಚಿನಲ್ಲೇ ಬರುತ್ತೇನೆ.

ತರಬೇತಿ ಒಂದು ದಿನದ್ದಾಗಬಾರದು. ನ್ಯಾಯಾಲಯದ ವ್ಯಾಜ್ಯಗಳಲ್ಲಿ ಮಧ್ಯಸ್ಥಿಕೆ ಮಾಡುವವರಿಗೆ ಸುಪ್ರೀಂ ಕೋರ್ಟಿನ ಮಧ್ಯಸ್ಥಿಕೆ ಸಮಿತಿ 40 ಗಂಟೆಯ ತರಬೇತಿ ಇಟ್ಟಿದೆ. ಅದರಲ್ಲಿ ಅಭಿನಯ ಮಾಡಿ ಕಲಿಯುವುದೂ ಸೇರಿದೆ. ದೊಡ್ಡವರ ಜಗಳ ಬಿಡಿಸಲು ಅಷ್ಟು ಬೇಕಾದರೆ ಮಕ್ಕಳ ಜಗಳ ಬಿಡಿಸಲು ಐದಾರು ಗಂಟೆ ಸಾಕೇ? ಶಿಕ್ಷಕರು ಕೂತು ಕೇಳುವುದಲ್ಲ, ತಾವೇ ಆಡಬೇಕು, ಸೋಲಬೇಕು, ಸಿಟ್ಟಾಗಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ತರಬೇತಾದ ಮಧ್ಯಸ್ಥಗಾರರನ್ನು ಕರೆಸಬಹುದು. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆ ಒಂದು ಅಧ್ಯಾಯವೇ ಇದೆ. ಊರಿನ ನೆಮ್ಮದಿ ಕೆಡಿಸಬಹುದಾದ ತಕರಾರನ್ನು, ಎರಡೂ ಕಡೆಯವರು ಒಪ್ಪಿದರೆ, ಮೂವರು ಮಧ್ಯಸ್ಥಗಾರರು ಕೂತು ಬಗೆಹರಿಸಬಹುದು ಅಂತ ಅದು ಹೇಳುತ್ತದೆ. ಆ ಮೂವರು ಹತ್ತು ವರ್ಷದ ನಂತರ ಎಲ್ಲಿಂದ ಬರಬೇಕು? ಇದೇ ಮಕ್ಕಳಲ್ಲವೇ?

ಮಕ್ಕಳ ಗ್ರಾಮಸಭೆಯನ್ನೂ ನಿಜ ಮಾಡಿ. ಶಿಕ್ಷಕರು ಬರೆದುಕೊಟ್ಟ ಬೇಡಿಕೆಯನ್ನು ಮಗು ಓದಿ ಚಪ್ಪಾಳೆ ತೆಗೆದುಕೊಂಡು ಹೋಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಅಲ್ಲಿ ಮಕ್ಕಳು ಪಂಚಾಯಿತಿಯವರ ಜೊತೆ ಮಾತಾಡಿ ಒಂದು ಸಣ್ಣ ವಿಷಯವನ್ನಾದರೂ ಕುದುರಿಸಿಕೊಂಡು ಬರಲಿ. ಬಸ್ ನಿಲ್ದಾಣದ ದೀಪವಾದರೂ ಸರಿ. ಆರು ತಿಂಗಳ ಮೇಲೆ ದೀಪ ಉರಿಯುತ್ತಿದೆಯಾ ಅಂತ ಅವರೇ ಹೋಗಿ ನೋಡಲಿ.

ಕೊನೆಯ ವಿನಂತಿ ಆ ಇಬ್ಬರು ಮಕ್ಕಳ ಬಗ್ಗೆ. ಪಟ್ಟಿ ಇನ್ನೂ ಶಾಲೆಯಲ್ಲೇ ಇದೆ, ವರ್ಷ ಮುಗಿದಿಲ್ಲ. ನಾನು ಮುಖ್ಯ ಶಿಕ್ಷಕರಿಗೆ ಕಂಡದ್ದನ್ನೆಲ್ಲ ಬರೆದು ಕೊಟ್ಟಿದ್ದೇನೆ. ‘ಮೇಲಿನಿಂದ ಸೂಚನೆ ಬಂದರೆ ತಿದ್ದಬಹುದು’ ಅಂದಿದ್ದಾರೆ. ಆ ಹುಡುಗಿ ಈಗ ತರಗತಿಯಲ್ಲಿ ಕೈ ಎತ್ತುವುದು ಕಡಿಮೆ ಮಾಡಿದ್ದಾಳೆ. ಹುಡುಗ ಡಿಸೆಂಬರಿನಲ್ಲಿ ಒಂದು ಸಂಜೆ ಕಬಡ್ಡಿ ಅಂಕಣದ ಗೆರೆಯ ಹೊರಗೆ ನಿಂತು ನೋಡುತ್ತಿದ್ದ. ಒಳಗೆ ಬಾ ಅಂದರೆ ಬರಲಿಲ್ಲ, ಹೊರಟೂ ಹೋಗಲಿಲ್ಲ. ವಾರ್ಷಿಕ ಪರೀಕ್ಷೆಗೆ ಮೊದಲು ಆ ಸೂಚನೆ ಎಲ್ಲ ಶಾಲೆಗಳಿಗೂ ಹೋಗಲಿ ಅಂತ ಕೈಮುಗಿದು ಕೇಳುತ್ತೇನೆ.

ಇತಿ,
ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹೈಸ್ಕೂಲು ಶಿಕ್ಷಕಿ
ಕುಮಟಾ ತಾಲೂಕು, ಉತ್ತರ ಕನ್ನಡ